ಗಾಂಜಾ ಕೇಸಿನಲ್ಲಿ ದಂಡ ಕಟ್ಟುವ ಮುಂಚೆ

ಶ್ರೀನಿವಾಸಪುರದ ಕಡೆಯ ಮಾವಿನ ತೋಟದ ರೈತರೊಬ್ಬರು ಕೋಲಾರದ ಕೋರ್ಟ್ ಆವರಣದಲ್ಲಿ ಐನೂರರ ನೋಟು ಹಿಡಿದು ನಿಂತಿದ್ದರು. "ಲಾಯರ್ ಸಾರ್, ದಂಡ ಎಷ್ಟಾದ್ರೂ ಆಗ್ಲಿ, ಇವತ್ತೇ ಮುಗಿಸಿಬಿಡಿ." ಮಗನಿಗೆ ಇಪ್ಪತ್ತೆರಡು ವರ್ಷ. ಗಾಂಜಾ ಸೇದಿ ಸಿಕ್ಕಿಬಿದ್ದಿದ್ದ. ಜೇಬಿನಲ್ಲಿ ಒಂದು ಸಣ್ಣ ಪೊಟ್ಟಣವೂ ಇತ್ತು.

ಇಂಥ ಕೇಸು ಹಿಡಿದು ಬರುವವರಲ್ಲಿ ಹೆಚ್ಚಿನವರು ಕೇಳುವುದು ಇದನ್ನೇ. ತಪ್ಪೊಪ್ಪಿಕೊಂಡು ದಂಡ ಕಟ್ಟಿದರೆ ಕೋರ್ಟಿನ ಓಡಾಟ ತಪ್ಪುತ್ತದೆ, ನಿಜ. ಆದರೆ ಹುಡುಗ ಅಪರಾಧಿ ಅಂತ ದಾಖಲೆ ಉಳಿಯುತ್ತದೆ. ಮುಂದೆ ಮತ್ತೆ ಅಂಥದೇ ಅಪರಾಧ ಸಾಬೀತಾದರೆ, ಎನ್‌ಡಿಪಿಎಸ್ (ಮಾದಕ ವಸ್ತು ತಡೆ) ಕಾಯ್ದೆಯ 31ನೇ ಸೆಕ್ಷನ್ ಪ್ರಕಾರ ಜೈಲು ಗರಿಷ್ಠ ಅವಧಿಯ ಒಂದೂವರೆ ಪಟ್ಟಿನವರೆಗೂ ಹೋಗಬಹುದು. ಚಟ ಹಾಗೇ ಇದ್ದರೆ ಮತ್ತೆ ಸಿಕ್ಕಿಬೀಳೋದು ಎಷ್ಟು ದಿನದ ಮಾತು?

1985ರ ಅದೇ ಕಾಯ್ದೆಯಲ್ಲಿ ಇನ್ನೊಂದು ದಾರಿ ಇದೆ. ಸೇವನೆಯ ಕೇಸಿನಲ್ಲಿ, ಅಂದರೆ 27ನೇ ಸೆಕ್ಷನ್‌ನಲ್ಲಿ, ಇಲ್ಲವೇ ಅಲ್ಪ ಪ್ರಮಾಣದ ಕೇಸಿನಲ್ಲಿ ಸಿಕ್ಕ ವ್ಯಸನಿ ತಾನಾಗಿ ಚಿಕಿತ್ಸೆಗೆ ಬಂದರೆ, 64ಎ ಸೆಕ್ಷನ್ ಅವನನ್ನು ವಿಚಾರಣೆಯಿಂದ ಕಾಪಾಡುತ್ತದೆ. ಗಾಂಜಾಕ್ಕೆ 1 ಕೆಜಿ, ಹೆರಾಯಿನ್‌ಗೆ 5 ಗ್ರಾಂ, ಎಂಡಿಎಂಎ ಅನ್ನುವ ರಾಸಾಯನಿಕ ಮಾದಕಕ್ಕೆ ಅರ್ಧ ಗ್ರಾಂವರೆಗೆ ಅಲ್ಪ ಪ್ರಮಾಣ. ಅದಕ್ಕಿಂತ ಜಾಸ್ತಿ ಸಿಕ್ಕಿದ್ದರೆ ಈ ಬಾಗಿಲು ತೆರೆಯುವುದಿಲ್ಲ.

ಬಾಗಿಲಲ್ಲೇ ಎಡವಿಸುವ ಮಾತು ‘ವ್ಯಸನಿ’. ಕಾಯ್ದೆಯ ಪ್ರಕಾರ ಮಾದಕ ವಸ್ತುವಿಗೆ ಅವಲಂಬಿತನಾದವನೇ ವ್ಯಸನಿ. ಗೆಳೆಯರ ಜೊತೆ ಒಂದು ದಿನ ಸೇದಿದವನು ಆ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ಮನೋವೈದ್ಯರು ಪರೀಕ್ಷೆ ಮಾಡಿ ಬರೆದುಕೊಡಬೇಕು. ಮನೆಯವರಿಗೆ ಆ ಕಾಗದವೇ ಕಂಟಕ. "ವ್ಯಸನಿ ಅಂತ ಬರೆಸ್ಬೇಡಿ ಸಾರ್, ನಾಳೆ ಹೆಣ್ಣು ಯಾರು ಕೊಡ್ತಾರೆ?" ಅಂದರು ಆ ತಂದೆ. ಅಪರಾಧಿ ಅಂತ ಬರೆಸಲು ದುಡ್ಡು ಹಿಡಿದು ನಿಂತಿದ್ದವರು, ರೋಗಿ ಅಂತ ಬರೆಸಲು ಹಿಂಜರಿದರು. ಅವರನ್ನು ದೂರುತ್ತಿಲ್ಲ. ನಮ್ಮೂರಿನಲ್ಲಿ ದಂಡ ಕಟ್ಟಿದ್ದು ಕೋರ್ಟಿಗಷ್ಟೇ ಗೊತ್ತಾಗುತ್ತದೆ. ಆಸ್ಪತ್ರೆಗೆ ಹೋಗಿದ್ದು ಸಂತೆಗೇ ಗೊತ್ತಾಗುತ್ತದೆ.

ಒಂದು ಎಡವಟ್ಟು ನನ್ನದೇ. ಹಿಂದೊಮ್ಮೆ ಒಂದು ಕುಟುಂಬ ಹುಡುಗನನ್ನು ಖಾಸಗಿ ವ್ಯಸನಮುಕ್ತಿ ಕೇಂದ್ರಕ್ಕೆ ಸೇರಿಸಿತ್ತು. ಅಲ್ಲಿನ ಸರ್ಟಿಫಿಕೇಟ್ ನಂಬಿ ಅರ್ಜಿ ಹಾಕಿದೆ. ಸರ್ಕಾರಿ ವಕೀಲರು ಕೇಳಿದ್ದು ಒಂದೇ ಮಾತು: ಈ ಕೇಂದ್ರಕ್ಕೆ ಮಾನ್ಯತೆ ಇದೆಯಾ? ಇರಲಿಲ್ಲ. ಸರ್ಕಾರ ಅಥವಾ ಸ್ಥಳೀಯ ಸಂಸ್ಥೆ ನಡೆಸುವ, ಇಲ್ಲವೇ ಅವು ಮಾನ್ಯ ಮಾಡಿದ ಕಡೆ ಪಡೆದ ಚಿಕಿತ್ಸೆಯಷ್ಟೇ ಈ ಸೆಕ್ಷನ್‌ಗೆ ಲೆಕ್ಕ. ಈಗ ಮೊದಲು ಸರ್ಕಾರಿ ಆಸ್ಪತ್ರೆಯ ಮನೋವೈದ್ಯರ ಬಳಿ ಕಳಿಸುತ್ತೇನೆ. ಅಲ್ಲಿ ಆಗದಿದ್ದರೆ ನಿಮ್ಹಾನ್ಸ್. ಕೋಲಾರದಿಂದ ಬೆಳಗ್ಗೆ ಬಸ್ ಹತ್ತಿದರೆ ಸಂಜೆಗೆ ವಾಪಸ್ ಬರಬಹುದು. ಮೊದಲು ಯಾರ ಹತ್ತಿರವಾದರೂ ಮಾತಾಡಬೇಕು ಅನ್ನಿಸಿದರೆ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಫೋನ್ ಮಾಡಬಹುದು.

ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಈ ರಕ್ಷಣೆ ವಾಪಸ್ ಹೋಗಬಹುದು. ಇಲ್ಲಿ ಕಾನೂನಿಗೂ ವೈದ್ಯಕೀಯಕ್ಕೂ ಸ್ವಲ್ಪ ಜಗಳ ಇದೆ. ನಡುವೆ ಒಮ್ಮೆ ಜಾರಿ ಮತ್ತೆ ಸೇದುವುದು ಈ ಕಾಯಿಲೆಯಲ್ಲಿ ಮಾಮೂಲಿ ಅನ್ನುತ್ತಾರೆ ವೈದ್ಯರು. ಕೋರ್ಟಿಗೆ ಬೇಕಾದದ್ದು ‘ಚಿಕಿತ್ಸೆ ಪೂರ್ತಿ ಆಯಿತು’ ಅನ್ನುವ ಕಾಗದ. ಜಾರಿದವನೂ ಚಿಕಿತ್ಸೆಯಲ್ಲೇ ಇದ್ದಾನೆ ಅಂತ ತೋರಿಸಲು ಪ್ರತಿ ಭೇಟಿಯ ಚೀಟಿ ಜೋಪಾನವಾಗಿಡಿ.

ಅಪರಾಧ ಸಾಬೀತಾದ ಮೇಲೂ 39ನೇ ಸೆಕ್ಷನ್ ಇದೆ. ವ್ಯಸನಿ ಒಪ್ಪಿದರೆ, ಜೈಲಿನ ಬದಲು ಮುಚ್ಚಳಿಕೆ ಬರೆಸಿಕೊಂಡು ಕೋರ್ಟು ಚಿಕಿತ್ಸೆಗೆ ಬಿಡಬಹುದು. ಒಂದು ವರ್ಷದೊಳಗೆ ಚಿಕಿತ್ಸೆಯ ವರದಿ ಕೊಡಬೇಕು. ನನ್ನ ಅನುಭವದಲ್ಲಿ ಇದನ್ನು ಕೇಳುವವರೇ ಕಡಿಮೆ, ನಾವು ವಕೀಲರೂ ಸೇರಿ. ವಕೀಲರಿಗೆ ದುಡ್ಡಿಲ್ಲದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ನೆರವು ಕೇಳಬಹುದು.

ಶ್ರೀನಿವಾಸಪುರದ ಹುಡುಗನ ವಿಷಯಕ್ಕೆ ಬರುತ್ತೇನೆ. ನಾನು ಅವನನ್ನು ಏನು ಕೇಳಿದರೂ ಉತ್ತರ ಕೊಡುತ್ತಿದ್ದದ್ದು ಅಪ್ಪ. ಕಾನೂನು ‘ತಾನಾಗಿ’ ಅನ್ನುತ್ತದೆ, ಅಲ್ವಾ? "ಯಜಮಾನ್ರೇ, ಒಂದು ಟೀ ಕುಡಿದು ಬನ್ನಿ" ಅಂದೆ. ಅವರು ಅತ್ತ ಹೋದ ಮೇಲೆ ಹುಡುಗ ತಲೆ ಎತ್ತಿದ. "ಎರಡು ಸಲ ಬಿಟ್ಟೆ ಸಾರ್. ನಿದ್ದೇನೇ ಬರಲ್ಲ. ಡಾಕ್ಟ್ರು ಬೈತಾರಾ?" ಬೈಯಲ್ಲ ಅಂದೆ. ಅವತ್ತು ತಪ್ಪೊಪ್ಪಿಗೆ ಕೊಡಿಸಲಿಲ್ಲ, ಕಾಲಾವಕಾಶ ಕೇಳಿ ಒಂದು ಅರ್ಜಿ ಹಾಕಿದೆ.