ನೆರೆ ಬರುವ ದಡದಲ್ಲಿ ಮನೆ ಕಟ್ಟಿದ್ದು ಹೇಗೆ? ಹ್ಯಾಂಬರ್ಗ್‌ನ ಹಳೇ ಬಂದರಿನ ಕಥೆ

ಪ್ರಶ್ನೆ: ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಹಳೇ ಬಂದರಿನ ಜಾಗವನ್ನೇ ಮನೆ, ಕಚೇರಿ, ಅಂಗಡಿ ಎಲ್ಲ ಇರುವ ಬಡಾವಣೆ ಮಾಡಿದ್ದಾರಂತೆ. ಅದೂ ಊರನ್ನು ಪ್ರವಾಹದಿಂದ ಕಾಯುವ ಏರಿಯ ಹೊರಗೆ, ನದಿಯ ಕಡೆಗೆ. ನೆರೆ ಬಂದರೆ ಅಲ್ಲಿನವರು ಏನು ಮಾಡುತ್ತಾರೆ?

ಉತ್ತರ: ಅಲ್ಲಿ ನೀರಿಗೆ ಅಡ್ಡ ಗೋಡೆ ಕಟ್ಟಲಿಲ್ಲ, ನೆಲವನ್ನೇ ಎತ್ತರಿಸಿದರು. ಹೊಸ ಮನೆಗಳು, ಮುಖ್ಯ ರಸ್ತೆಗಳು, ಶಾಲೆ ಎಲ್ಲವೂ ಸಮುದ್ರ ಮಟ್ಟದಿಂದ ಸುಮಾರು 8ರಿಂದ 9 ಮೀಟರ್ ಮೇಲಿವೆ. ನೆರೆ ಬಂದಾಗ ಜನ ಮನೆಯಲ್ಲೇ ಇರುತ್ತಾರೆ, ನೀರು ಅವರ ಕೆಳಗೆ ಬಂದು ಹೋಗುತ್ತದೆ. ಕೇಳಲು ಸುಲಭ, ಅಲ್ವಾ? ಆದರೆ ಆ ಒಂದು ತೀರ್ಮಾನದಿಂದಲೇ ಬಡಾವಣೆಯ ಆಕಾರ, ಕಟ್ಟಿದ ಕ್ರಮ, ಖರ್ಚಿನ ಹಂಚಿಕೆ ಎಲ್ಲವೂ ನಿಗದಿಯಾದವು.

ಈ ಜಾಗದ ಹೆಸರು ಹಾಫೆನ್‌ಸಿಟಿ. ಎಲ್ಬೆ ನದಿಯ ಉತ್ತರ ದಡದಲ್ಲಿ 157 ಹೆಕ್ಟೇರ್, ಅಂದರೆ ಹೆಚ್ಚುಕಮ್ಮಿ 390 ಎಕರೆ. ಊರಿನ ನಡುಭಾಗದಿಂದ ನಡೆದೇ ಹೋಗಬಹುದು. ಹಿಂದೆ ಇಲ್ಲಿ ಧಕ್ಕೆಗಳು, ಗೋದಾಮುಗಳು, ಕ್ರೇನು, ರೈಲು ಹಳಿ, ಒಂದು ಗ್ಯಾಸ್ ಕಾರ್ಖಾನೆ ಇದ್ದವು. ಕಂಟೇನರ್ ಹಡಗುಗಳ ಕಾಲ ಬಂದ ಮೇಲೆ ಈ ಕಿರಿದಾದ ಧಕ್ಕೆಗಳು ಸಾಲದೆ ಹೋದವು. ಬಂದರಿನ ಕೆಲಸ ನದಿಯ ಆಚೆ ದಡಕ್ಕೆ ಸರಿಯಿತು.

ಹ್ಯಾಂಬರ್ಗ್ ಸಮುದ್ರದಿಂದ ಸುಮಾರು 100 ಕಿಲೋಮೀಟರ್ ಒಳಗಿದೆ. ಆದರೂ ಉಬ್ಬರ ಇಳಿತ ಅಲ್ಲಿಯವರೆಗೂ ಬರುತ್ತದೆ. ದಿನಕ್ಕೆರಡು ಬಾರಿ ನದಿ ಮೂರು ಮೀಟರಿಗೂ ಜಾಸ್ತಿ ಏರಿ ಇಳಿಯುತ್ತದೆ. ಅದೇ ಹೊತ್ತಿಗೆ ಬಿರುಗಾಳಿ ಉತ್ತರ ಸಮುದ್ರದ ನೀರನ್ನು ನದಿಯ ಬಾಯಿಗೆ ನೂಕಿದರೆ ಗಂಡಾಂತರ. 1962ರ ಫೆಬ್ರವರಿ 16ರ ರಾತ್ರಿ ಹಾಗೇ ಆಯಿತು. ಏರಿಗಳು ಒಡೆದು ಬೆಳಗಾಗುವಷ್ಟರಲ್ಲಿ ನಗರದಲ್ಲಿ 315 ಜನ ಸತ್ತಿದ್ದರು. ತಗ್ಗು ಪ್ರದೇಶವಾದ ವಿಲ್ಹೆಲ್ಮ್ಸ್‌ಬುರ್ಗ್‌ನಲ್ಲಿ ಎಷ್ಟೋ ಮಂದಿಗೆ ಹಾಸಿಗೆಯಿಂದ ಏಳಲೂ ಸಮಯ ಸಿಗಲಿಲ್ಲ. 1976ರಲ್ಲಿ ನೀರು ಇನ್ನೂ ಮೇಲೆ, 6.45 ಮೀಟರ್‌ವರೆಗೆ ಏರಿತು. ಇದನ್ನೆಲ್ಲ ಕಂಡ ಊರು ಏರಿಯ ಹೊರಗೆ ಮನೆ ಕಟ್ಟಲು ಸುಮ್ನೆ ಒಪ್ಪಿರಲು ಸಾಧ್ಯವಿಲ್ಲ.

ಹಾಗಾದರೆ ಈ ಜಾಗದ ಸುತ್ತಲೂ ಇನ್ನೊಂದು ಏರಿ ಯಾಕೆ ಕಟ್ಟಲಿಲ್ಲ? ಏರಿ ಪೂರ್ತಿ ಆದರಷ್ಟೇ ಉಪಯೋಗ. ಅರ್ಧ ಏರಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಮೊದಲ ಮನೆಗೆ ಪಾಯ ತೋಡುವ ಮುಂಚೆಯೇ ಅಷ್ಟೂ ದುಡ್ಡು ಸುರಿಯಬೇಕಿತ್ತು. ಸಾಲದ್ದಕ್ಕೆ, ಎತ್ತರದ ಗೋಡೆಯ ಹಿಂದೆ ಕೂತವರಿಗೆ ನದಿಯೇ ಕಾಣುತ್ತಿರಲಿಲ್ಲ. ಉತ್ತರ ಸಮುದ್ರದ ಕರಾವಳಿಯ ರೈತರು ನೂರಾರು ವರ್ಷಗಳಿಂದ ಮಣ್ಣಿನ ದಿಬ್ಬ ಮಾಡಿ ಅದರ ಮೇಲೆ ಮನೆ ಕಟ್ಟುತ್ತಾ ಬಂದಿದ್ದಾರೆ. ಅಲ್ಲಿ ಅದಕ್ಕೆ ವಾರ್ಫ್ಟ್ ಅನ್ನುತ್ತಾರೆ. ನಗರದವರು ಆ ಉಪಾಯವನ್ನೇ ಹಿಡಿದರು. ಒಂದೊಂದೇ ದಿಬ್ಬ ಏಳಿಸಬಹುದು, ಅದರ ಮೇಲೆ ಕಟ್ಟಿ ಮುಗಿಸಬಹುದು, ಆಮೇಲೆ ಮುಂದಿನದು. ಬಡಾವಣೆ ಪಶ್ಚಿಮದಿಂದ ಪೂರ್ವಕ್ಕೆ ತುಂಡು ತುಂಡಾಗಿ ಬೆಳೆದದ್ದು ಇದರಿಂದಲೇ.

ಅಲ್ಲಿನ ದಡದಲ್ಲಿ ನಿಂತರೆ ಈ ಲೆಕ್ಕಾಚಾರ ಕಣ್ಣಿಗೇ ಕಾಣುತ್ತದೆ. ನೀರಿನ ಪಕ್ಕದ ಕಾಲುದಾರಿ ಹಳೇ ಬಂದರಿನ ಮಟ್ಟದಲ್ಲೇ ಇದೆ. ಅದು ಮುಳುಗಲಿ ಎಂದೇ ಬಿಟ್ಟದ್ದು. ಅದರ ಹಿಂದೆ ಆಳೆತ್ತರಕ್ಕೂ ಮೀರಿದ ಗಟ್ಟಿ ತಳಪಾಯ. ಹೆಸರಿಗೆ ದಿಬ್ಬವಾದರೂ ಒಳಗೆ ಬರೀ ಮಣ್ಣಿಲ್ಲ, ಕಾರು ನಿಲ್ಲಿಸುವ ಜಾಗವಿದೆ. ಗೋಡೆಯಲ್ಲಿ ಬಾಗಿಲು, ಕಿಟಕಿ ಇರುವ ಕಡೆಯೆಲ್ಲ ನೀರು ತಡೆಯುವ ದಪ್ಪ ಕದಗಳು. ಮುನ್ನೆಚ್ಚರಿಕೆ ಬಂದ ಕೂಡಲೇ ಕಾಲುದಾರಿ ಖಾಲಿ ಮಾಡಿಸಿ ಕದಗಳನ್ನು ಮುಚ್ಚುತ್ತಾರೆ. ಪಕ್ಕದ ಶ್ಪೈಶರ್‌ಶ್ಟಾಟ್ ಎಂಬ ಹಳೇ ಕೆಂಪು ಇಟ್ಟಿಗೆ ಗೋದಾಮುಗಳ ಸಾಲನ್ನು ಎತ್ತರಿಸುವ ಹಾಗಿರಲಿಲ್ಲ, 2015ರಿಂದ ಅದು ವಿಶ್ವ ಪರಂಪರೆಯ ತಾಣ ಕೂಡ. ಅಲ್ಲಿನ ರಸ್ತೆ ಮುಳುಗಿದರೂ ಆಂಬುಲೆನ್ಸ್, ಅಗ್ನಿಶಾಮಕ ವಾಹನ ದಾಟಲೆಂದು ಕಿಬೆಲ್‌ಸ್ಟೆಗ್ ಎಂಬ ಎತ್ತರದ ಸೇತುವೆ ಇದೆ. 2013ರ ಡಿಸೆಂಬರ್‌ನ ಬಿರುಗಾಳಿಯಲ್ಲಿ ನೀರು 6 ಮೀಟರ್ ದಾಟಿದಾಗ ಈ ಏರ್ಪಾಟು ನಿಜವಾದ ಪರೀಕ್ಷೆಗೆ ನಿಂತಿತು.

ಇನ್ನು ದುಡ್ಡಿನ ವಿಷಯ. ನನ್ನ ಪ್ರಕಾರ ಇಡೀ ಯೋಜನೆಯ ಗುಟ್ಟು ಎಂಜಿನಿಯರಿಂಗಿನಲ್ಲಿ ಅಲ್ಲ, ಜಮೀನಿನ ಒಡೆತನದಲ್ಲಿದೆ. ಇಲ್ಲಿನ ನೆಲ ಬಹುಪಾಲು ನಗರದ್ದೇ. 1990ರ ದಶಕದಲ್ಲಿ ಆಗಿನ ಮೇಯರ್ ಹೆನಿಂಗ್ ಫೋಶೆರಾವ್ ಯೋಜನೆಯನ್ನು ವರ್ಷಗಟ್ಟಲೆ ಗುಟ್ಟಾಗಿಟ್ಟು, ಮಿಕ್ಕ ಜಾಗಗಳು ನಗರದ ಕೈ ಸೇರುತ್ತಾ ಬಂದ ಮೇಲೆ 1997ರ ಮೇ ತಿಂಗಳಲ್ಲಿ ಬಹಿರಂಗ ಮಾಡಿದರು. ಮೊದಲೇ ಸುದ್ದಿ ಹೊರಬಿದ್ದಿದ್ದರೆ ಬೆಲೆ ಆಕಾಶಕ್ಕೇರುತ್ತಿತ್ತು. ಸೈಟು ಮಾರಿದ ಹಣದಿಂದ ರಸ್ತೆ, ಸೇತುವೆ, ಪಾರ್ಕು ಆದವು. ಕಟ್ಟಡದ ಕೆಳಗಿನ ದಿಬ್ಬದ ಖರ್ಚು ಕಟ್ಟುವವರದ್ದು.

ಮಾರುವ ರೀತಿಯೂ ಬೇರೆ. ಸುಮ್ನೆ ಹೆಚ್ಚು ಬೆಲೆ ಕೂಗಿದವರಿಗೆ ಸೈಟು ಕೊಡುವುದಿಲ್ಲ. ಅಲ್ಲಿ ಏನು ಮಾಡುತ್ತೀರಿ ಎಂಬುದಕ್ಕೇ ಜಾಸ್ತಿ ತೂಕ. ಆಯ್ಕೆಯಾದವರಿಗೆ ಮೊದಲು ಜಾಗ ಕಾದಿರಿಸಿಕೊಡುತ್ತಾರೆ. ಆ ಅವಧಿಯಲ್ಲಿ ವಿನ್ಯಾಸ ಸ್ಪರ್ಧೆ, ಮಣ್ಣು ಪರೀಕ್ಷೆ, ಪರವಾನಗಿ ಎಲ್ಲ ಆಗಬೇಕು. ಮಾರಾಟ ಆಮೇಲೆ. ಮಾತು ತಪ್ಪಿದರೆ ಜಾಗ ನಗರಕ್ಕೇ ವಾಪಸ್. ಮುಖ್ಯ ಬೀದಿಗಳಲ್ಲಿ ನೆಲಮಹಡಿ 5 ಮೀಟರ್ ಎತ್ತರ ಇರಬೇಕೆಂಬ ನಿಯಮ ನನಗೆ ತುಂಬಾ ಇಷ್ಟ. ಇವತ್ತು ಕಚೇರಿ ಇದ್ದಲ್ಲಿ ನಾಳೆ ಹೋಟೆಲ್ಲೋ ಅಂಗಡಿಯೋ ಬರಲಿ ಎಂದು ಮಾಡಿದ್ದು.

ಎಲ್ಲವೂ ಚೆನ್ನಾಗಿಯೇ ನಡೆಯಿತು ಅಂತಲ್ಲ. ಹಳೇ ಗೋದಾಮಿನ ತಲೆಯ ಮೇಲೆ ಕಟ್ಟಿದ ಎಲ್ಬ್‌ಫಿಲ್‌ಹಾರ್ಮೊನಿ ಎಂಬ ಸಂಗೀತ ಭವನಕ್ಕೆ ನಗರ 77 ಮಿಲಿಯನ್ ಯೂರೋ ಅಂದುಕೊಂಡಿತ್ತು. 2017ರಲ್ಲಿ ಬಾಗಿಲು ತೆರೆಯುವ ಹೊತ್ತಿಗೆ ನಗರದ ಪಾಲು 789 ಮಿಲಿಯನ್ ಆಗಿತ್ತು. ಮೊದಲು ಎದ್ದ ಮನೆಗಳು ಉಳ್ಳವರಿಗೆ ಮಾತ್ರ ಎಟುಕುವಂತಿದ್ದವು. ಟೀಕೆ ಬಂದ ಮೇಲೆ, ನಂತರದ ಭಾಗಗಳಲ್ಲಿ ಸುಮಾರು ಮೂರನೇ ಒಂದು ಪಾಲು ಮನೆಗಳಿಗೆ ಸಹಾಯಧನ ಕೊಟ್ಟು ಬಾಡಿಗೆ ಇಳಿಸಿದರು. ನನ್ನನ್ನು ಇನ್ನೂ ಕಾಡುವುದು ಆಚೆ ದಡದ ಆಲ್ಟನ್‌ವೆರ್ಡರ್. ಅದು ಮೀನುಗಾರರ ಹಳ್ಳಿ. 2002ರಲ್ಲಿ ಶುರುವಾದ ಕಂಟೇನರ್ ಟರ್ಮಿನಲ್‌ಗಾಗಿ ದಶಕಗಳ ಕಾಲ ಒಂದೊಂದೇ ಮನೆ ಖಾಲಿ ಮಾಡಿಸಿದರು. ಆ ಟರ್ಮಿನಲ್‌ಗೆ ಹಣ ಹೊಂದಿಸುವುದು ಹಾಫೆನ್‌ಸಿಟಿಯ ಸೈಟು ಮಾರಾಟದ ಮೂಲ ಉದ್ದೇಶಗಳಲ್ಲೇ ಒಂದಾಗಿತ್ತು. ಹಳ್ಳಿಯಲ್ಲಿ ಉಳಿದದ್ದು ಚರ್ಚು ಮತ್ತು ಅದರ ಸ್ಮಶಾನ. ಹಾಫೆನ್‌ಸಿಟಿಯ ಬಗ್ಗೆ ಹೇಳುವವರು ಈ ಹಳ್ಳಿಯ ಹೆಸರನ್ನೂ ಹೇಳಬೇಕು.

ನಮ್ಮ ನದಿಗಳ ದಡದಲ್ಲೂ ಹೀಗೆ ಮಾಡಬಹುದಾ ಎಂದು ಕೇಳುವವರಿಗೆ ಒಂದು ಎಚ್ಚರಿಕೆ. ಎಲ್ಬೆಯ ಆ ನೆರೆ ಉಬ್ಬರದ ನೆರೆ. ಕೆಲವು ಗಂಟೆ ಇದ್ದು ಇಳಿಯುತ್ತದೆ. ಮೇಲಾಗಿ ಅದರ ಹಿಂದೆ ಇಡೀ ಸಮುದ್ರವಿದೆ. ದಡದ ಒಂದಿಷ್ಟು ನೆಲ ಎತ್ತರಿಸಿದರೆ ನೀರಿನ ಮಟ್ಟದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಆಗುವುದಿಲ್ಲ. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಮಲಪ್ರಭಾ, ಘಟಪ್ರಭಾ ತೀರದ ಊರುಗಳಲ್ಲಿ ನೀರು ದಿನಗಟ್ಟಲೆ ನಿಂತಿತ್ತು. ಮಳೆಯಿಂದ ಉಕ್ಕುವ ಇಂಥ ನದಿಗೆ ಹರಡಿಕೊಳ್ಳಲು ಜಾಗ ಬೇಕು. ಒಂದು ದಡದಲ್ಲಿ ಮಣ್ಣು ತುಂಬಿಸಿದರೆ ಆ ನೀರು ಎದುರು ದಡದ ಹೊಲಕ್ಕೋ ಮೇಲಿನ ಊರಿಗೋ ನುಗ್ಗುತ್ತದೆ. ಹಾಗಾಗಿ ನದಿ ದಡದ ಯೋಜನೆಯ ನಕ್ಷೆ ಯಾರೇ ತೋರಿಸಿದರೂ ಮೊದಲು ಎರಡು ಲೆಕ್ಕ ಕೇಳಿ: ಇಲ್ಲಿ ನೆರೆ ಎಷ್ಟು ದಿನ ನಿಲ್ಲುತ್ತದೆ, ಈಗ ಇಲ್ಲಿ ನಿಲ್ಲುವ ನೀರು ನಾಳೆ ಯಾರ ಮನೆಗೆ ಹೋಗುತ್ತದೆ.