ರೇಡಿಯೋ ಕೇಳೋಕೆ ಮೊಬೈಲ್ ನಂಬರ್ ಯಾಕೆ ಕೊಡಬೇಕು?

ಚಳ್ಳಕೆರೆ ಹತ್ತಿರದ ನಮ್ಮ ಹಳ್ಳಿ ಮನೆಯಲ್ಲಿ ಅಜ್ಜನ ರೇಡಿಯೋ ಇನ್ನೂ ಇದೆ. ಕಂದು ಚರ್ಮದ ಕವರು, ಹೆಗಲಿಗೆ ಹಾಕೋ ಪಟ್ಟಿ. ಜೊತೆಗೊಂದು ಲೈಸೆನ್ಸ್ ಪುಸ್ತಕ. ವರ್ಷಕ್ಕೊಮ್ಮೆ ಪೋಸ್ಟ್ ಆಫೀಸಿಗೆ ಹೋಗಿ ದುಡ್ಡು ಕಟ್ಟಿ ಅದರಲ್ಲಿ ಮುದ್ರೆ ಹಾಕಿಸಿಕೊಂಡು ಬರಬೇಕಿತ್ತು. 1980ರ ದಶಕದಲ್ಲಿ ಆ ಪದ್ಧತಿ ಹೋಯಿತು. ಪುಸ್ತಕದಲ್ಲಿ ಅಜ್ಜನ ಹೆಸರು, ಊರು ಎಲ್ಲಾ ಇದೆ. ಅಂದ್ರೆ ಈ ಮನೆಯಲ್ಲಿ ರೇಡಿಯೋ ಇದೆ ಅನ್ನೋದು ಸರ್ಕಾರಕ್ಕೆ ಗೊತ್ತಿತ್ತು. ಅಜ್ಜ ಅದರಲ್ಲಿ ಏನು ಕೇಳ್ತಾರೆ ಅನ್ನೋದು ಮಾತ್ರ ಗೊತ್ತಾಗುತ್ತಿರಲಿಲ್ಲ.

ಅದರ ಬೆಲೆ ಗೊತ್ತಾಗಿದ್ದು 1975ರಲ್ಲಿ. ಜೂನ್ 26ರ ಬೆಳಿಗ್ಗೆ ಇಂದಿರಾ ಗಾಂಧಿ ತುರ್ತು ಪರಿಸ್ಥಿತಿಯ ಸುದ್ದಿಯನ್ನು ದೇಶಕ್ಕೆ ತಿಳಿಸಿದ್ದು ಆಕಾಶವಾಣಿಯಲ್ಲೇ. ಪತ್ರಿಕೆಗಳಿಗೆ ಸೆನ್ಸಾರ್ ಬಿತ್ತು, ಆಕಾಶವಾಣಿಯಂತೂ ಸರ್ಕಾರದ್ದೇ. ಆಗ ನಿಜ ಸುದ್ದಿ ಬೇಕಾದವರು ದೂರದ ದೇಶಗಳ ಪ್ರಸಾರ ಸಿಗೋ ಶಾರ್ಟ್‌ವೇವ್ ತಿರುಗಿಸಿ ಬ್ರಿಟನ್ನಿನ ಬಿಬಿಸಿ ಹಿಡಿಯುತ್ತಿದ್ದರು. ಅಜ್ಜ ಕೂಡ ರಾತ್ರಿ ಊಟ ಆದಮೇಲೆ, ಹೊರಗೆ ಕಟ್ಟೆ ಮೇಲೆ ಕೂತವರಿಗೂ ಕೇಳದಷ್ಟು ಸಣ್ಣಗೆ ದನಿ ಇಟ್ಟು, ಪೆಟ್ಟಿಗೆಗೆ ಕಿವಿ ಹಚ್ಚಿ ಕೂರುತ್ತಿದ್ದರಂತೆ. ಅಲೆ ಪೆಟ್ಟಿಗೆಗೆ ಬರುತ್ತಿತ್ತು, ಪೆಟ್ಟಿಗೆಯಿಂದ ವಾಪಸ್ ಏನೂ ಹೋಗುತ್ತಿರಲಿಲ್ಲ. ಹಾಗಾಗಿ ಪೊಲೀಸರಿಗೆ ಬಿಬಿಸಿ ಕೇಳುಗರ ಪಟ್ಟಿ ಸಿಗೋ ದಾರಿಯೇ ಇರಲಿಲ್ಲ.

ತುರ್ತು ಪರಿಸ್ಥಿತಿ ಮುಗಿದ ಮೇಲೆ ಆಕಾಶವಾಣಿಯನ್ನು ಸರ್ಕಾರದ ಕೈಯಿಂದ ಬಿಡಿಸಬೇಕು ಅನ್ನೋ ಮಾತು ಜೋರಾಯಿತು. ಅದಕ್ಕಾಗಿ ಪ್ರಸಾರ ಭಾರತಿ ಅನ್ನೋ ಸ್ವಾಯತ್ತ ಸಂಸ್ಥೆ ಮಾಡೋ ಕಾಯ್ದೆ 1990ರಲ್ಲಿ ಆಯಿತು, ಜಾರಿಗೆ ಬಂದಿದ್ದು 1997ರಲ್ಲಿ. ನಡುವೆ 1995ರಲ್ಲಿ ಸುಪ್ರೀಂ ಕೋರ್ಟ್, ರೇಡಿಯೋ ಅಲೆಗಳು ಜನರ ಆಸ್ತಿ ಅಂತ ತೀರ್ಪು ಕೊಟ್ಟಿತು.

ಅಲೆ ಜನರದ್ದು, ಸರಿ. ಆದರೆ ಅಲೆ ಬಿಟ್ಟು ಇಂಟರ್ನೆಟ್ಟಿನಲ್ಲಿ ಕೇಳೋದಾದರೆ, ಆ ಸಾಫ್ಟ್‌ವೇರ್ ಯಾರದ್ದು? ಈ ಪ್ರಶ್ನೆ ದೊಡ್ಡದಾಗಿ ಎದ್ದಿದ್ದು ಅದೇ ಬಿಬಿಸಿಯಲ್ಲಿ. 2007ರ ಜುಲೈನಲ್ಲಿ ಬಿಬಿಸಿ ತನ್ನ ಕಾರ್ಯಕ್ರಮಗಳನ್ನು ಇಂಟರ್ನೆಟ್ಟಿನಲ್ಲಿ ನೋಡೋಕೆ ಐಪ್ಲೇಯರ್ ಅನ್ನೋ ತಂತ್ರಾಂಶ ತಂದಾಗ ಅದು ನಡೀತಿದ್ದಿದ್ದು ಮೈಕ್ರೋಸಾಫ್ಟ್ ಕಂಪನಿಯ ವಿಂಡೋಸ್ ಎಕ್ಸ್‌ಪಿಯಲ್ಲಿ ಮಾತ್ರ. ಡೌನ್‌ಲೋಡ್ ಮಾಡಿದ ಕಾರ್ಯಕ್ರಮಕ್ಕೆ ಮೈಕ್ರೋಸಾಫ್ಟ್ ಬೀಗ, ಅಂದ್ರೆ ನಕಲು ಮಾಡದಂತೆ ತಡೆಯೋ ತಂತ್ರಾಂಶ. ನೋಡದೆ ಇಟ್ಟರೆ 30 ದಿನಕ್ಕೆ, ನೋಡೋಕೆ ಶುರು ಮಾಡಿದರೆ 7 ದಿನಕ್ಕೆ ಫೈಲ್ ಸತ್ತುಹೋಗುತ್ತಿತ್ತು. ಅಲ್ಲಿ ಕಲರ್ ಟಿವಿ ನೋಡೋ ಹೆಚ್ಚಿನ ಮನೆಯವರು ಆ ವರ್ಷ 135.50 ಪೌಂಡ್ ಲೈಸೆನ್ಸ್ ಶುಲ್ಕ ಕಟ್ಟಿದ್ದರು, ವಿಂಡೋಸ್ ಬದಲು ಲಿನಕ್ಸ್ ಬಳಸೋರೂ ಸೇರಿ. ದುಡ್ಡು ಎಲ್ಲರದ್ದು, ಬೀಗದ ಕೈ ಒಂದು ಅಮೆರಿಕನ್ ಕಂಪನಿಯದ್ದು. ಸಾವಿರಾರು ಜನ ಸರ್ಕಾರಕ್ಕೆ ಮನವಿ ಕೊಟ್ಟರು, ಕೋಡ್ ಯಾರು ಬೇಕಾದರೂ ನೋಡಿ ಬದಲಿಸೋ ಹಾಗಿರಬೇಕು ಅನ್ನೋ ಸ್ವತಂತ್ರ ತಂತ್ರಾಂಶದ ಕಾರ್ಯಕರ್ತರು ಆಗಸ್ಟ್‌ನಲ್ಲಿ ಬಿಬಿಸಿ ಕಚೇರಿ ಮುಂದೆ ನಿಂತರು. ಡಿಸೆಂಬರ್‌ನಲ್ಲಿ ಬೇರೆ ಕಂಪ್ಯೂಟರ್‌ಗಳಲ್ಲೂ ನೋಡೋ ಹಾಗಾಯಿತು, ಅದೂ ಫ್ಲ್ಯಾಶ್ ಅನ್ನೋ ಇನ್ನೊಂದು ಖಾಸಗಿ ತಂತ್ರಾಂಶದಲ್ಲಿ. 2017ರಲ್ಲಿ ಐಪ್ಲೇಯರ್‌ಗೆ ಲಾಗಿನ್ ಕಡ್ಡಾಯವಾಯಿತು. ಅಜ್ಜ ಕದ್ದು ಕೇಳುತ್ತಿದ್ದ ಸಂಸ್ಥೆ ಈಗ ಮೊದಲು ನೀವು ಯಾರು ಅಂತ ಕೇಳುತ್ತದೆ! ಅದರ ಹಿಂದಿ ಶಾರ್ಟ್‌ವೇವ್ ಪ್ರಸಾರ 2020ರ ಜನವರಿಗೆ ನಿಂತಿತು.

ನಮ್ಮಲ್ಲೂ ಬೀಗಕ್ಕೆ ಕಾನೂನಿನ ಬೆಂಬಲ ಇದೆ. 2012ರಲ್ಲಿ ಕಾಪಿರೈಟ್ ಕಾಯ್ದೆಗೆ ಸೇರಿಸಿದ 65ಎ ಸೆಕ್ಷನ್ ಪ್ರಕಾರ, ಹಕ್ಕು ಉಲ್ಲಂಘಿಸೋ ಉದ್ದೇಶದಿಂದ ಇಂಥ ಬೀಗ ಮುರಿದರೆ ಎರಡು ವರ್ಷದವರೆಗೆ ಜೈಲು. 2017ರಲ್ಲಿ ಸುಪ್ರೀಂ ಕೋರ್ಟ್ ಖಾಸಗಿತನ ಮೂಲಭೂತ ಹಕ್ಕು ಅಂತ ಹೇಳಿತು. ಆ ಕೇಸು ಹಾಕಿದ್ದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆದರೆ 2023ರ ಡೇಟಾ ಸಂರಕ್ಷಣಾ ಕಾಯ್ದೆಯಲ್ಲಿ ಕೇಂದ್ರ ಸರ್ಕಾರ ತನ್ನ ಸಂಸ್ಥೆಗಳಿಗೆ ಒಂದು ಅಧಿಸೂಚನೆಯಲ್ಲೇ ವಿನಾಯಿತಿ ಕೊಡಬಹುದು. ನನಗೆ ಇದು ತುಂಬಾ ಭಯದ ವಿಷಯ.

ಅಮ್ಮ ದಾವಣಗೆರೆಯಲ್ಲಿದ್ದಾರೆ. ಚಿತ್ರದುರ್ಗ ಆಕಾಶವಾಣಿ ಅವರ ಮನೆ ಒಳಗೆ ಸರಿಯಾಗಿ ಹಿಡಿಯಲ್ಲ, ಅದಕ್ಕೆ ಹೋದ ತಿಂಗಳು ರೇಡಿಯೋ ಬರೋ ಯಾವುದೋ ಒಂದು ಆಪ್ ಹಾಕಿಕೊಟ್ಟೆ. ಮೊದಲು ಮೊಬೈಲ್ ನಂಬರ್, ಆಮೇಲೆ ಒಟಿಪಿ, ಆಮೇಲೆ ಲೊಕೇಶನ್. ಎಲ್ಲಾ ಕೊಟ್ಟ ಮೇಲೆ ಫೋನ್ ಹಳೇದು ಅಂತ ಅರ್ಧಕ್ಕೇ ನಿಂತಿತು. ಅದರ ಕೋಡ್ ಮುಚ್ಚಿಟ್ಟಿದ್ದು. ಅಮ್ಮನ ನಂಬರ್ ಎಲ್ಲಿಗೆ ಹೋಯಿತು ಅಂತ ನೋಡೋಣ ಅಂದ್ರೂ ಆಗಲ್ಲ. ಅಮ್ಮ ಕೇಳಬೇಕು ಅಂತಿದ್ದದ್ದು ಸಂಜೆಯ ಕೃಷಿ ಕಾರ್ಯಕ್ರಮ, ಅಷ್ಟೇ. ಈಗ ಹಿತ್ತಲ ಕಟ್ಟೆ ಮೇಲೆ ಚಿಕ್ಕ ಎಫ್‌ಎಂ ಸೆಟ್ ಇಟ್ಟುಕೊಂಡು, ಏರಿಯಲ್ ಅನ್ನು ಬಟ್ಟೆ ಒಣಗಿಸೋ ತಂತಿಗೆ ಸಿಕ್ಕಿಸಿ ಕೇಳುತ್ತಾರೆ.