ಹೆಸರಿನ ಮುಂದಿನ ‘ಎಂ’ ಯಾರದು ಸ್ವಾಮಿ?

ಈಚೆಗೆ ಕಕ್ಷಿದಾರರು ಮೊಬೈಲ್ ತೋರಿಸಿಕೊಂಡೇ ಒಳಗೆ ಬರುತ್ತಾರೆ. ‘ಸಾರ್, ನಮ್ಮ ಸರ್‌ನೇಮ್ ಇಡೀ ದೇಶದಲ್ಲಿ ಇಷ್ಟೇ ಜನಕ್ಕೆ ಇರೋದಂತೆ. ಹಾಗಾದ್ರೆ ಇವರೆಲ್ಲ ನಮ್ಮ ದಾಯಾದಿಗಳೇ ಅಲ್ವಾ?’

ಅಲ್ಲಪ್ಪಾ. ಆ ಲೆಕ್ಕವನ್ನೂ ನಂಬಬೇಡಿ, ಆ ದಾಯಾದಿಗಳನ್ನೂ ನಂಬಬೇಡಿ.

ನಮ್ಮ ಜನಗಣತಿಯವರು ಮನೆತನದ ಹೆಸರಿನ ಲೆಕ್ಕ ಪ್ರಕಟಿಸುವುದಿಲ್ಲ. ಬೇರೆಯವರು ಎಣಿಸಿದರೂ ಸಾಮಾನ್ಯವಾಗಿ ಹೆಸರಿನ ಕೊನೆಯ ಪದ ನೋಡುತ್ತಾರೆ. ಚಿಕ್ಕಬಳ್ಳಾಪುರ, ಕೋಲಾರದ ಕಡೆ ಮನೆತನದ ಹೆಸರು ಹೆಚ್ಚಾಗಿ ಇರುವುದು ಮೊದಲಲ್ಲಿ, ಅದೂ ಒಂದು ಅಕ್ಷರವಾಗಿ.

ಮುದ್ದೇನಹಳ್ಳಿಯ ಸರ್ ಎಂ.ವಿ. ಅವರನ್ನೇ ತೆಗೆದುಕೊಳ್ಳಿ. ‘ಎಂ’ ಅಂದರೆ ಮೋಕ್ಷಗುಂಡಂ. ಆಂಧ್ರದಲ್ಲಿ ಗಿದ್ದಲೂರು ಕಡೆಯ ಊರು. ಹಿರಿಯರು ಅಲ್ಲಿಂದ ಬಂದವರು, ಊರು ಬಿಟ್ಟರೂ ಹೆಸರು ಬಿಡಲಿಲ್ಲ. ತಂದೆ ಶ್ರೀನಿವಾಸ ಶಾಸ್ತ್ರಿಗಳ ಹೆಸರು ಇನಿಷಿಯಲ್‌ನಲ್ಲಿ ಇಲ್ಲವೇ ಇಲ್ಲ. ‘ವಿಶ್ವೇಶ್ವರಯ್ಯ’ ಅನ್ನುವುದನ್ನೇ ಸರ್‌ನೇಮ್ ಅಂತ ಎಣಿಸಿದರೆ ಮೋಕ್ಷಗುಂಡಂ ಪಟ್ಟಿಗೇ ಬರುವುದಿಲ್ಲ. ಮುಳಬಾಗಿಲಿನಲ್ಲಿ ಹುಟ್ಟಿದ ಡಿ.ವಿ.ಜಿ. ಅವರ ‘ಡಿ’ ದೇವನಹಳ್ಳಿ, ‘ವಿ’ ತಂದೆ ವೆಂಕಟರಮಣಯ್ಯ. ಸಿ.ಎನ್.ಆರ್. ರಾವ್ ಹುಟ್ಟಿದ್ದು ಬೆಂಗಳೂರಿನಲ್ಲಿ, ‘ಸಿ’ ಮಾತ್ರ ಚಿಂತಾಮಣಿ.

ಹೇಳಿ ಹೇಳಿ ಸಾಕಾಗಿದೆ, ಆದರೂ ಇನ್ನೊಂದು ಸಲ ಹೇಳುತ್ತೇನೆ. ನಿಮ್ಮ ‘ಎಂ’ ಊರಿರಬಹುದು, ಅಪ್ಪ ಮುನಿಯಪ್ಪ ಇರಬಹುದು. ಊರೇ ಆದರೂ, ಅಲ್ಲಿಂದ ಹೊರಟ ಯಾವ ಜಾತಿಯವರು ಬೇಕಾದರೂ ಆ ಹೆಸರು ಇಟ್ಟುಕೊಂಡಿರಬಹುದು. ಹೆಸರು ಒಂದೇ ಆದ ಮಾತ್ರಕ್ಕೆ ನೆಂಟಸ್ತಿಕೆ ಹುಟ್ಟುವುದಿಲ್ಲ. ಹೆಸರು ಬೇರೆಯಾದ ಮಾತ್ರಕ್ಕೆ ಒಡಹುಟ್ಟಿದವರು ಬೇರೆಯಾಗುವುದೂ ಇಲ್ಲ.

ಬಾಗೇಪಲ್ಲಿ ಕಡೆಯ ಅಣ್ಣತಮ್ಮಂದಿರು ಪೌತಿ ಖಾತೆ, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ ವಿಷಯಕ್ಕೆ ಬಂದಿದ್ದರು. ಪಾಸ್‌ಪೋರ್ಟಿನ ಸರ್‌ನೇಮ್ ಕಾಲಂನಲ್ಲಿ ಅಣ್ಣ ಅಪ್ಪನ ಹೆಸರು ಬರೆಸಿದ್ದ, ತಮ್ಮ ಇಂಟಿಪೇರು, ಅಂದರೆ ತೆಲುಗಿನವರ ಮನೆತನದ ಹೆಸರು ಬರೆಸಿದ್ದ. ಹಳೇ ಪಹಣಿಯಲ್ಲಿ ತಾತನ ಹೆಸರು, ‘ಬಿನ್’ (ಇಂಥವರ ಮಗ), ಮುತ್ತಾತನ ಹೆಸರು. ಅಷ್ಟೇ. ತಮ್ಮನಿಗೆ ಖಾತೆಗಿಂತ ಮೂಲದ ಚಿಂತೆ ಜಾಸ್ತಿ. ‘ನಮ್ಮವರು ನೆಲ್ಲೂರಲ್ಲಿ ಜಾಸ್ತಿ ಇದ್ದಾರಂತೆ ಸಾರ್’ ಅಂತ ಮೊಬೈಲ್ ಮುಂದೆ ಹಿಡಿದ.

‘ನೆಲ್ಲೂರೂ ಇಲ್ಲ, ಗಿಲ್ಲೂರೂ ಇಲ್ಲ’ ಅಂದರು ತಾಯಿ. ಬ್ಯಾಗಿನಿಂದ ತಮ್ಮದೇ ಮದುವೆಯ ಲಗ್ನಪತ್ರಿಕೆ ತೆಗೆದರು. ಮೂಲೆಗಳಲ್ಲಿ ಅರಿಶಿನ ಇನ್ನೂ ಇತ್ತು. ಅಚ್ಚಾಗಿದ್ದದ್ದು ತೆಲುಗಿನಲ್ಲಿ. ಮಕ್ಕಳಿಗೆ ತೆಲುಗು ಮಾತು ಬರುತ್ತದೆ, ಓದು ಬರುವುದಿಲ್ಲ. ತಾಯಿಯೇ ಬೆರಳಿಟ್ಟು ಓದಿದರು. ಮಾವನವರ ಹೆಸರಿಗೆ ಮೊದಲು ಇಂಟಿಪೇರು ಪೂರ್ತಿ ಇತ್ತು. ಪಾಸ್‌ಪೋರ್ಟಿನಲ್ಲಿ ಇದ್ದದ್ದಕ್ಕಿಂತ ಒಂದಕ್ಷರ ಬೇರೆ! ಇಂಗ್ಲಿಷಿನಲ್ಲಿ ಬರೆಸುವಾಗ ತಪ್ಪಿತ್ತು. ಪಾಪ, ಅವನು ನೆಲ್ಲೂರಲ್ಲಿ ಹುಡುಕಿದ್ದು ಇನ್ಯಾರದೋ ಮನೆತನವನ್ನು.

ಲಗ್ನಪತ್ರಿಕೆ ಮೂಲ ಹುಡುಕಲು ಒಳ್ಳೆಯದು. ಅದೊಂದನ್ನೇ ನೆಚ್ಚಿಕೊಂಡು ಜಮೀನಿನ ಹಕ್ಕು ಕೇಳಲಾಗದು. ವಂಶವೃಕ್ಷಕ್ಕೆ ಬೇಕಾದ್ದು ಯಾರ ಮಕ್ಕಳು ಯಾರು ಅನ್ನುವುದು. ಪ್ರತಿ ಕೇಸೂ ಬೇರೆ, ಕಾಗದ ನೋಡದೆ ನಾನೂ ಏನೂ ಹೇಳಲಾರೆ.

ಕಾಗದ ಓದುವಾಗಲೂ ಸ್ವಲ್ಪ ಜೋಪಾನ. ಚಿಕ್ಕಬಳ್ಳಾಪುರ ಜಿಲ್ಲೆಯಾದದ್ದು 2007ರಲ್ಲಿ. ಅದಕ್ಕೂ ಹಿಂದಿನ ಕ್ರಯಪತ್ರಗಳಲ್ಲಿ ಕೋಲಾರ ಜಿಲ್ಲೆ ಅಂತಲೇ ಇರುತ್ತದೆ. ಅದನ್ನು ಓದಿ ‘ನಾವು ಕೋಲಾರದಿಂದ ವಲಸೆ ಬಂದವರು’ ಅಂತ ಊರೆಲ್ಲ ಹೇಳಿಕೊಂಡು ಬಂದವರೂ ಇದ್ದಾರೆ. ಜಿಲ್ಲೆ ಬಿಡಿ, ‘ಗ್ರಾಮದಲ್ಲಿ ವಾಸವಾಗಿರುವ’ ಅನ್ನುವ ಸಾಲು ನೋಡಿ.